ಸಂಚು ಯಾರದು, ಸೆರೆ ಯಾರಿಗೆ?

ಅಡಿಕೆಗೆ ಹಿಂದಿಯಲ್ಲಿ ಸುಪಾರಿ ಎನ್ನುತ್ತಾರೆ. ಮುತ್ತಿನಕೊಪ್ಪದ ಸುತ್ತ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಹೊಟ್ಟೆ ಹೊರೆಯುವ ನಮ್ಮ ಜನಕ್ಕೆ ಅದು ಅನ್ನ ಕೊಡುವ ಬೆಳೆ. ಆದರೆ ಪತ್ರಿಕೆ ತೆರೆದರೆ ಆ ಮಾತಿಗೆ ಬೇರೆಯೇ ಅರ್ಥ ಅಂಟಿಕೊಂಡಿದೆ. ಸುಪಾರಿ ಎಂದರೆ ಹಣ ಕೊಟ್ಟು ಮಾಡಿಸುವ ಕೊಲೆ. ಹಿಂದೆ ಅರಸರು ರಣವೀಳ್ಯ ಕೊಡುತ್ತಿದ್ದರು. ಆ ವೀಳ್ಯ ಎತ್ತಿಕೊಂಡವನು ಕೆಲಸ ಒಪ್ಪಿಕೊಂಡಂತೆ. ಈಗ ಅರಸರಿಲ್ಲ, ವೀಳ್ಯ ಕೊಡುವವರು ಮಾತ್ರ ಇದ್ದಾರೆ. ಅವರು ಬಹಿರಂಗವಾಗಿ ಕೊಡುವುದಿಲ್ಲ, ಅಷ್ಟೇ.

ಎಲ್ಲಾದರೂ ಕೊಲೆ ನಡೆದರೆ ನಮ್ಮ ಹೋಟೆಲುಗಳ ಬೆಂಚಿನ ಮೇಲೆ ಎರಡು ಮಾತು ಕೇಳಿಬರುತ್ತವೆ. “ಹೊಡೆದವನು ಸಿಕ್ಕಿದ, ಹೊಡೆಸಿದವನು ಎಲ್ಲಿ?” ಎಂಬುದು ಒಂದು. “ಪಾಪ, ಆ ಹುಡುಗ ಬರೀ ಬೈಕು ಕೊಟ್ಟಿದ್ದನಂತೆ, ಅವನನ್ನೂ ಎಳೆದುಕೊಂಡು ಹೋದರು” ಎಂಬುದು ಇನ್ನೊಂದು. ಎರಡೂ ನ್ಯಾಯವಾದ ಮಾತೇ. ಎರಡಕ್ಕೂ ಉತ್ತರ ಕೊಡಬೇಕಾದದ್ದು ಒಂದೇ ಕಾಯಿದೆ: ಅಪರಾಧಿಕ ಒಳಸಂಚಿನ ಕಾಯಿದೆ. ಕಟ್ಟುನಿಟ್ಟಾದ ರುಜುವಾತು ಮತ್ತು ತಡವಿಲ್ಲದ ವಿಚಾರಣೆ, ಈ ಎರಡರ ಮೇಲೆ ನಿಂತಾಗ ಮಾತ್ರ ಆ ಕಾಯಿದೆ ಬಡವನ ಕೆಲಸಕ್ಕೆ ಬರುತ್ತದೆ. ಇವು ತಪ್ಪಿದರೆ ಕೆಳಗಿನವನು ಬಲೆಗೆ ಬೀಳುತ್ತಾನೆ, ಮೇಲಿನವನು ಜಾರಿಕೊಳ್ಳುತ್ತಾನೆ. ಇದನ್ನು ನಮ್ಮ ಗಿರಣಿಯ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಚೆನ್ನಾಗಿ ತಿಳಿದುಕೊಳ್ಳಬೇಕು. ಏಕೆಂದರೆ ಇಂಥ ಖಟ್ಲೆಗಳಲ್ಲಿ ಮೊದಲು ಸಿಕ್ಕುವವರು ಜೀಪು ಓಡಿಸಿದವರು, ಕೋಣೆ ಬಾಡಿಗೆಗೆ ಕೊಟ್ಟವರು, ಮೊಬೈಲ್ ಸಿಮ್ ಮಾರಿದವರು.

ಗೌರಿ ಲಂಕೇಶ್ ಖಟ್ಲೆ

ನಮ್ಮ ನಾಡು ಕಂಡ ಈಚಿನ ದೊಡ್ಡ ಉದಾಹರಣೆಯನ್ನೇ ನೋಡೋಣ. ಶಿವಮೊಗ್ಗದಲ್ಲಿ ಹುಟ್ಟಿ, ಪತ್ರಿಕೆ ನಡೆಸುತ್ತಿದ್ದ ಗೌರಿ ಲಂಕೇಶರನ್ನು 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ, ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಅದಕ್ಕೆ ಎರಡು ವರ್ಷ ಮುಂಚೆ, 2015ರ ಆಗಸ್ಟ್ 30ರಂದು, ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಹಾಗೆಯೇ ಕೊಂದಿದ್ದರು. ಅದೇ ವರ್ಷ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ಕಾರ್ಮಿಕರ ಹಿರಿಯ ಮುಂದಾಳು ಗೋವಿಂದ ಪಾನ್ಸರೆ, 2013ರ ಆಗಸ್ಟ್ 20ರಂದು ಪುಣೆಯಲ್ಲಿ ನರೇಂದ್ರ ದಾಭೋಲ್ಕರ್ ಗುಂಡಿಗೆ ಬಲಿಯಾಗಿದ್ದರು.

ಗೌರಿ ಖಟ್ಲೆಯಲ್ಲಿ ವಿಶೇಷ ತನಿಖಾ ದಳವು 2018ರ ನವೆಂಬರ್‌ನಲ್ಲಿ ಒಂಬತ್ತು ಸಾವಿರ ಪುಟ ಮೀರಿದ ಆರೋಪಪಟ್ಟಿ ಸಲ್ಲಿಸಿತು. ಆರೋಪಿಗಳು 18 ಮಂದಿ. ಇವರಲ್ಲಿ ಗುಂಡು ಹಾರಿಸಿದವನೆಂದು ಪೋಲೀಸರು ಹೇಳುವುದು ಒಬ್ಬನನ್ನು, ಬೈಕು ಓಡಿಸಿದವನೆಂದು ಇನ್ನೊಬ್ಬನನ್ನು. ಉಳಿದ 16 ಮಂದಿ ಅಲ್ಲಿಗೆ ಹೇಗೆ ಬಂದರು? ಸಂಚಿನ ಆರೋಪದಿಂದ ಬಂದರು. ಯೋಜನೆ ಹಾಕಿದ, ತರಬೇತಿ ಕೊಟ್ಟ, ಮನೆ ಒದಗಿಸಿದ, ಆಯುಧ ಸಾಗಿಸಿದ, ಸಾಕ್ಷ್ಯ ನಾಶಮಾಡಿದ ಆಪಾದನೆಗಳು ಅವರ ಮೇಲಿವೆ. ಇವೆಲ್ಲ ಪೋಲೀಸರು ಹೊರಿಸಿರುವ ಆಪಾದನೆಗಳು. ನಿಜವೋ ಸುಳ್ಳೋ ಎಂದು ತೀರ್ಮಾನಿಸಬೇಕಾದದ್ದು ಕೋರ್ಟು.

ಕಾಯಿದೆ ಏನು ಹೇಳುತ್ತದೆ

1860ರ ದಂಡಸಂಹಿತೆಯಲ್ಲಿ ಒಳಸಂಚು ಒಂದು ಸ್ವತಂತ್ರ ಅಪರಾಧವಾಗಿ ಇರಲಿಲ್ಲ. 1913ರಲ್ಲಿ ಬ್ರಿಟಿಷ್ ಸರ್ಕಾರ 120-ಎ, 120-ಬಿ ಎಂಬ ಕಲಮುಗಳನ್ನು ಸೇರಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 61ನೆಯ ಕಲಮು. ಕೊಲೆಯ 302ನೆಯ ಕಲಮು ಈಗ 103 ಆಗಿದೆ. ಗೌರಿಯವರ ಕೊಲೆ 2017ರದಾದ್ದರಿಂದ ಅವರ ಖಟ್ಲೆ ಹಳೆಯ ಕಲಮುಗಳ ಮೇಲೆಯೇ ನಡೆಯುತ್ತದೆ.

ಕಲಮಿನ ಸಾರ ಸರಳ. ಇಬ್ಬರು ಅಥವಾ ಹೆಚ್ಚು ಜನ ಒಂದು ಅಪರಾಧ ಮಾಡಲು ಒಪ್ಪಂದ ಮಾಡಿಕೊಂಡರೆ ಆ ಒಪ್ಪಂದವೇ ಅಪರಾಧ. ಕೊಲ್ಲುವ ಒಪ್ಪಂದವಾದರೆ ಮುಂದೆ ಒಂದು ಹೆಜ್ಜೆಯನ್ನೂ ಇಡಬೇಕಾಗಿಲ್ಲ, ಮಾತು ಆದಾಗಲೇ ಅಪರಾಧ ಪೂರ್ತಿಯಾಯಿತು. ಕೊಲೆ ನಡೆದುಹೋದರೆ ಸಂಚುಗಾರನಿಗೂ ಕೊಲೆಗಾರನ ಶಿಕ್ಷೆಯೇ, ಅಂದರೆ ಮರಣದಂಡನೆ ಅಥವಾ ಜೀವಾವಧಿ. ಕೊಲೆ ನಡೆಯದಿದ್ದರೂ ಏಳು ವರ್ಷದ ತನಕ ಸಜೆಯಾಗಬಹುದು. ಆ ಪ್ರಯತ್ನದಲ್ಲಿ ಯಾರಿಗಾದರೂ ಗಾಯವಾಗಿದ್ದರೆ ಹದಿನಾಲ್ಕು ವರ್ಷದ ತನಕ.

ಹಣವಂತನು ತನ್ನ ಕೈಗೆ ರಕ್ತ ಅಂಟದಂತೆ ಬೇರೆಯವನಿಂದ ಕೊಲ್ಲಿಸಿದರೆ ಅವನನ್ನು ಕಟಕಟೆಗೆ ತರಲು ಇಂಥ ಕಲಮು ಬೇಕೇ ಬೇಕು. ಇದರಲ್ಲಿ ಎರಡು ಮಾತಿಲ್ಲ.

ಆದರೆ ಇದೇ ಕಲಮಿನ ಇನ್ನೊಂದು ಮುಖವನ್ನು ದುಡಿಯುವ ವರ್ಗ ಚೆನ್ನಾಗಿ ಬಲ್ಲದು. ‘ಸಂಚು’ ಎಂಬ ಮಾತು ಆಳುವವರ ಬಾಯಲ್ಲಿ ಬಹಳ ಅಗಲವಾಗುತ್ತದೆ. 1929ರ ಮಾರ್ಚ್‌ನಲ್ಲಿ ದೇಶದ ಮೂಲೆಮೂಲೆಗಳಿಂದ ಮೂವತ್ತಕ್ಕೂ ಹೆಚ್ಚು ಮಂದಿ ಕಾರ್ಮಿಕ ನಾಯಕರನ್ನು ದಸ್ತಗಿರಿ ಮಾಡಿ ಮೀರತ್ತಿಗೆ ಒಯ್ದರು. ಒಬ್ಬನನ್ನಾದರೂ ಕೊಂದ ಆರೋಪ ಅವರ ಮೇಲಿರಲಿಲ್ಲ. ಚಕ್ರವರ್ತಿಯ ಪ್ರಭುತ್ವವನ್ನು ಕಿತ್ತೊಗೆಯುವ ಸಂಚು ಎಂಬ ಒಂದೇ ಆರೋಪದ ಮೇಲೆ 1933ರ ಜನವರಿಯ ತನಕ ಖಟ್ಲೆ ಎಳೆಯಿತು. ಮುಷ್ಕರದ ಭಾಷಣಗಳೂ ಕಾಗದಪತ್ರಗಳೂ ಅಲ್ಲಿ ಸಾಕ್ಷ್ಯವಾದವು.

ನಮ್ಮ ನೆರೆಯ ಶಿಕಾರಿಪುರ ತಾಲ್ಲೂಕಿನ ಈಸೂರನ್ನು ಮಲೆನಾಡು ಮರೆತಿಲ್ಲ. 1942ರಲ್ಲಿ ಸ್ವಾತಂತ್ರ್ಯ ಸಾರಿದ ಆ ಊರಿನಲ್ಲಿ ಗುಂಪಿನ ಕೈಯಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಸತ್ತರು. 1943ರ ಮಾರ್ಚ್‌ನಲ್ಲಿ ಐವರು ಗಲ್ಲಿಗೇರಿದರು. ಗುಂಪು ಮಾಡಿದ್ದಕ್ಕೆ ಒಬ್ಬೊಬ್ಬನನ್ನೂ ಹೊಣೆ ಮಾಡುವ ಕಾಯಿದೆ ಎಷ್ಟು ಭಾರವಾದದ್ದು ಎಂದು ಆ ಊರಿನ ಮನೆಗಳಿಗೆ ಗೊತ್ತು.

ಆದ್ದರಿಂದ ಸಂಚುಗಾರರನ್ನು ಹಿಡಿಯಬೇಕೆಂದು ಕೂಗುವ ನಾವೇ ರುಜುವಾತಿನ ವಿಷಯದಲ್ಲಿ ಸಡಿಲ ಬೇಡವೆಂದೂ ಹೇಳಬೇಕು. ಇವೆರಡೂ ಒಂದಕ್ಕೊಂದು ವಿರೋಧವಲ್ಲ.

ಆರೋಪಿಗೆ ಇರುವ ದಾರಿಗಳು

ಸಂಚಿನ ಆರೋಪಕ್ಕೆ ಕಾಯಿದೆ ಒಪ್ಪುವ ಪ್ರತಿವಾದ ಯಾವುದು, ಒಪ್ಪದ್ದು ಯಾವುದು?

“ಆ ದಿನ ನಾನು ಊರಿನಲ್ಲೇ ಇರಲಿಲ್ಲ” ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಮಾತು. ಗುಂಡು ಹಾರಿಸಿದ ಆರೋಪಕ್ಕೆ ಇದು ಒಳ್ಳೆಯ ಉತ್ತರ. ಸಂಚಿನ ಆರೋಪಕ್ಕೆ ಇದರಿಂದ ಪ್ರಯೋಜನ ಕಡಮೆ. ಸಂಚು ಹೂಡಿದವನು ಕೊಲೆಯ ಜಾಗದಲ್ಲಿ ಇರಬೇಕಾಗಿಲ್ಲ, ದೂರ ಇರುವುದೇ ಅವನ ಜಾಣತನ.

“ನನಗೆ ತಿಳಿದಿರಲಿಲ್ಲ” ಎಂಬುದು ಎಲ್ಲಕ್ಕಿಂತ ಮುಖ್ಯವಾದ ಪ್ರತಿವಾದ. ಮುತ್ತಿನಕೊಪ್ಪದಂಥ ಊರಿನಲ್ಲಿ ಒಬ್ಬ ಅಂಗಡಿಯವನು ಅಪರಿಚಿತನಿಗೆ ಸಿಮ್ ಮಾರಿದ, ಒಬ್ಬ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟ, ಗಿರಣಿಯ ಡ್ರೈವರು ಧಣಿ ಹೇಳಿದಂತೆ ಇಬ್ಬರನ್ನು ಜೀಪಿನಲ್ಲಿ ಬಿಟ್ಟುಬಂದ ಎನ್ನೋಣ. ಮೂವರ ಕೆಲಸವೂ ಕೊಲೆಗೆ ನೆರವಾಯಿತು. ಆದರೆ ಒಪ್ಪಂದವೆಂದರೆ ತಿಳಿದು ಒಪ್ಪುವುದು. ಉದ್ದೇಶ ತಿಳಿಯದವನು ಸಂಚುಗಾರನಲ್ಲ. ಆದರೆ ಕೊಲೆಗೆಂದು ತಿಳಿದೇ ಜೀಪು ಬಿಟ್ಟಿದ್ದರೆ “ಧಣಿ ಹೇಳಿದ” ಎಂಬ ಮಾತು ಯಾವ ಕೋರ್ಟಿನಲ್ಲೂ ನಿಲ್ಲದು. “ಹೆದರಿಸಿ ಮಾಡಿಸಿದರು” ಎಂಬುದು ಅನೇಕ ಅಪರಾಧಗಳಿಗೆ ರಕ್ಷಣೆಯಾದರೂ ಕೊಲೆಗೆ ಅಲ್ಲವೆಂದು ಕಾಯಿದೆ ಸ್ಪಷ್ಟವಾಗಿ ಹೇಳಿದೆ. ಕೂಲಿಕಾರನು ಈ ಮಾತನ್ನು ಎದೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಧಣಿಯ ಅಪ್ಪಣೆ ಕೆಲಸ ಕೊಡಬಹುದು, ಗಲ್ಲಿನಿಂದ ಬಿಡಿಸಲಾರದು.

ತಿಳಿವಳಿಕೆಯ ಈ ಪ್ರಶ್ನೆ ಎಷ್ಟು ದುಬಾರಿಯಾಗಬಹುದೆಂಬುದಕ್ಕೆ ಪೆರಾರಿವಾಲನ್ ಸಾಕ್ಷಿ. 1991ರಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾದಾಗ ಅವನಿಗೆ 19 ವರ್ಷ. ಬಾಂಬಿಗೆ ಬಳಕೆಯಾಯಿತೆನ್ನಲಾದ ಎರಡು ಬ್ಯಾಟರಿ ಕೊಂಡುಕೊಟ್ಟನೆಂಬುದು ಅವನ ಮೇಲಿನ ಮುಖ್ಯ ಆರೋಪ. ವಿಚಾರಣಾ ಕೋರ್ಟು 1998ರಲ್ಲಿ 26 ಆರೋಪಿಗಳಿಗೂ ಗಲ್ಲು ವಿಧಿಸಿತು. 1999ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು 19 ಮಂದಿಯನ್ನು ಕೊಲೆಯ ಸಂಚಿನ ಆರೋಪದಿಂದ ಬಿಡಿಸಿತು. ಪರಿಚಯ, ಸ್ನೇಹ, ಒಂದೇ ಮನೆಯ ವಾಸ ಇವು ತಮ್ಮಷ್ಟಕ್ಕೆ ಸಂಚಾಗವು. ಕೊಲೆಯಾದ ಮೇಲೆ ಅಪರಾಧಿಗೆ ಆಸರೆ ಕೊಡುವುದು ಬೇರೆಯೇ ಅಪರಾಧ ಎಂದು ಆ ತೀರ್ಪು ಬಿಡಿಸಿ ಹೇಳಿತು. ಪೆರಾರಿವಾಲನ್‌ಗೆ ಗಲ್ಲು ಉಳಿಯಿತು, ಮುಂದೆ ಅದು ಜೀವಾವಧಿಯಾಯಿತು. ಬ್ಯಾಟರಿ ಯಾತಕ್ಕೆಂದು ತನಗೆ ತಿಳಿದಿರಲಿಲ್ಲವೆಂದು ಅವನು ಹೇಳಿದ ಮಾತನ್ನು ಹೇಳಿಕೆಯಲ್ಲಿ ತಾನು ಬಿಟ್ಟೆನೆಂದು, ಆ ಹೇಳಿಕೆ ಬರೆದುಕೊಂಡ ಅಧಿಕಾರಿಯೇ 2013ರಲ್ಲಿ ಬಹಿರಂಗವಾಗಿ ಹೇಳಿದರು. ಪೆರಾರಿವಾಲನ್ ಬಿಡುಗಡೆಯಾದದ್ದು 2022ರ ಮೇ 18ರಂದು. ಮೂವತ್ತು ವರ್ಷದ ಯೌವನವನ್ನು ಯಾವ ಕೋರ್ಟೂ ವಾಪಸು ಕೊಡಲಾರದು.

“ಒಪ್ಪಿದ್ದೆ, ಆಮೇಲೆ ಹಿಂದೆ ಸರಿದೆ” ಎನ್ನುವವನಿಗೆ ದಾರಿ ಕಿರಿದು. ಒಪ್ಪಿದ ಅಪರಾಧ ಒಪ್ಪಿದ ಗಳಿಗೆಯಲ್ಲೇ ಆಗಿಹೋಯಿತು. ಆದರೂ ಕೊಲೆಗೆ ಮುಂಚೆ ಬಿಟ್ಟುಬಂದು ಪೋಲೀಸರಿಗೆ ತಿಳಿಸಿದವನು ಒಂದು ಜೀವ ಉಳಿಸುತ್ತಾನೆ; ನ್ಯಾಯಾಧೀಶರು ಶಿಕ್ಷೆ ಅಳೆಯುವಾಗ ಅದನ್ನು ನೋಡದೆ ಇರಲಾರರು.

“ನಾನೊಬ್ಬನೇ ಉಳಿದೆ” ಎಂಬುದೂ ಒಂದು ಪ್ರತಿವಾದ. ಒಬ್ಬನೇ ತನ್ನೊಡನೆ ಒಪ್ಪಂದ ಮಾಡಿಕೊಳ್ಳಲಾರ. ಸಂಚಿನಲ್ಲಿ ಇದ್ದರೆಂದು ಹೇಳಿದ ಬೇರೆಲ್ಲರೂ ಬಿಡುಗಡೆಯಾದರೆ ಉಳಿದ ಒಬ್ಬನಿಗೆ ಸಂಚಿನ ಶಿಕ್ಷೆ ಸಲ್ಲದೆಂದು ಸುಪ್ರೀಂ ಕೋರ್ಟು 1955ರಲ್ಲೇ ಹೇಳಿತು.

ಸಾಕ್ಷ್ಯದ ಮಾತು

ಸಂಚು ಕತ್ತಲೆಯಲ್ಲಿ ನಡೆಯುತ್ತದೆ. ಅದಕ್ಕೆ ಕಣ್ಣಾರೆ ಕಂಡ ಸಾಕ್ಷಿ ಸಿಕ್ಕುವುದು ಅಪರೂಪ. ಆದ್ದರಿಂದ ಕೋರ್ಟುಗಳು ಸಂದರ್ಭದ ಸಾಕ್ಷ್ಯವನ್ನು ಒಪ್ಪುತ್ತವೆ. ಆದರೆ ಕೊಂಡಿಗೆ ಕೊಂಡಿ ಸೇರಬೇಕು, ಆರೋಪಿಯ ಅಪರಾಧವನ್ನು ಬಿಟ್ಟು ಬೇರೆ ಯಾವ ಅರ್ಥಕ್ಕೂ ಎಡೆಯಿರಬಾರದು. ಸಂಶಯ ಎಷ್ಟೇ ಬಲವಾಗಿದ್ದರೂ ರುಜುವಾತಿನ ಜಾಗದಲ್ಲಿ ಕೂಡಲಾರದು.

ಸಂಚಿನ ಖಟ್ಲೆಯಲ್ಲಿ ಪೋಲೀಸರಿಗೆ ಒಂದು ಹೆಚ್ಚಿನ ಅನುಕೂಲವಿದೆ. ಸಂಚು ನಡೆಯುತ್ತಿದ್ದಾಗ ಒಬ್ಬನು ಆ ಉದ್ದೇಶಕ್ಕಾಗಿ ಆಡಿದ, ಬರೆದ ಮಾತನ್ನು ಉಳಿದವರ ಮೇಲೂ ಬಳಸಬಹುದು. ಇದಕ್ಕೂ ಗಡಿಯಿದೆ. ಹೆಂಗಸೊಬ್ಬಳೂ ಅವಳ ಪ್ರಿಯಕರನೂ ಸೇರಿ ಆಳನ್ನು ಗೊತ್ತುಮಾಡಿ ಅವಳ ಗಂಡನನ್ನು ಕೊಲ್ಲಿಸಿದ ಮಿರ್ಜಾ ಅಕ್ಬರನ ಖಟ್ಲೆಯಲ್ಲಿ ಪ್ರಿವಿ ಕೌನ್ಸಿಲ್ 1940ರಲ್ಲಿ ಆ ಗಡಿಯನ್ನು ಎಳೆಯಿತು. ಸಂಚಿನ ಕಾಲದಲ್ಲಿ ಅವರು ಬರೆದುಕೊಂಡ ಕಾಗದಗಳು ನಿಂತವು, ಶಿಕ್ಷೆ ಉಳಿಯಿತು. ಆದರೆ ದಸ್ತಗಿರಿಯಾದ ಮೇಲೆ ಒಬ್ಬಳು ಹೇಳಿದ್ದನ್ನು ಈ ಕಲಮಿನಡಿ ಇನ್ನೊಬ್ಬನ ಮೇಲೆ ಬಳಸುವಂತಿಲ್ಲ ಎಂದಾಯಿತು.

ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ ಎಂಬುದು ಸಾಮಾನ್ಯ ನಿಯಮ. ಲಾಠಿಯ ಕೆಳಗೆ ಬಾಯಿ ಬಿಡಿಸಿದ ಮಾತಿನಿಂದ ಬಡವರನ್ನು ಕಾಪಾಡುವ ನಿಯಮ ಇದು. ಆದರೆ ಸಂಘಟಿತ ಅಪರಾಧಗಳ ತಡೆಗಾಗಿ ಕರ್ನಾಟಕ 2000ದಲ್ಲಿ ಮಾಡಿದ ಕಾಯಿದೆಯಲ್ಲಿ, ಅಂದರೆ ಕೋಕಾದಲ್ಲಿ, ಪೋಲೀಸ್ ಸೂಪರಿಂಟೆಂಡೆಂಟರ ದರ್ಜೆಯ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆಯಿದೆ. ಗೌರಿ ಖಟ್ಲೆಗೂ ಈ ಕಾಯಿದೆ ಅನ್ವಯಿಸಿದೆ. ಬೆಂಗಳೂರಿನ ಹೊರಗೆ ಕುಂಬಳಗೋಡಿನಲ್ಲಿ ಚಿಕಿತ್ಸಾಲಯದ ನೆಪದಲ್ಲಿ ಮನೆ ಬಾಡಿಗೆ ಹಿಡಿದು ಗುಂಪಿಗೆ ಒದಗಿಸಿದನೆಂಬ ಆರೋಪ ಹೊತ್ತವನ ಮೇಲಿನ ಕೋಕಾ ಕಲಮುಗಳನ್ನು 2021ರ ಏಪ್ರಿಲ್‌ನಲ್ಲಿ ಹೈಕೋರ್ಟು ತೆಗೆದುಹಾಕಿತು. ಗೌರಿಯವರ ತಂಗಿ ಕವಿತಾ ಲಂಕೇಶ್ ಸುಪ್ರೀಂ ಕೋರ್ಟಿಗೆ ಹೋದರು. ಗುಂಪಿಗೆ ನೆರವಾದವನ ಮೇಲೆ ಹಿಂದಿನ ಖಟ್ಲೆಗಳು ಇರಲೇಬೇಕೆಂದಿಲ್ಲ, ಗುಂಪಿನೊಡನೆ ಅವನ ನಂಟೇ ಮುಖ್ಯ ಎಂದು ಆ ಕೋರ್ಟು 2021ರ ಅಕ್ಟೋಬರ್ 21ರಂದು ಕಲಮುಗಳನ್ನು ಮರಳಿ ಕೂಡಿಸಿತು.

ಇಲ್ಲಿ ನಮ್ಮ ಮಾತು ನೇರವಾಗಿರಲಿ. ಗೌರಿಯವರ ಸಾವು ನಮಗೆ ನೋವಿನ ಸಂಗತಿ. ಆದರೂ ಠಾಣೆಯ ತಪ್ಪೊಪ್ಪಿಗೆಗೆ ಬೆಲೆ ಕೊಡುವ ಕಾಯಿದೆ ಇಂದು ಅವರ ಕೊಲೆಗಾರರ ಮೇಲೆ ಬಂತೆಂದು ನಾವು ಚಪ್ಪಾಳೆ ತಟ್ಟಿದರೆ ನಾಳೆ ಮುಷ್ಕರ ಹೂಡಿದವನ ಮೇಲೆ ಅಂಥದೇ ಕಾಯಿದೆ ಬಂದಾಗ ನಮಗೆ ಬಾಯಿ ಇರುವುದಿಲ್ಲ. ಆಯುಧದ ಪರೀಕ್ಷೆ, ಫೋನಿನ ದಾಖಲೆ, ಬಾಡಿಗೆ ಕರಾರು, ಕಂಡವರ ಸಾಕ್ಷಿ ಇವುಗಳಿಂದಲೇ ಗೆಲ್ಲುವ ಖಟ್ಲೆ ಕಟ್ಟುವುದು ತನಿಖೆಯವರ ಕರ್ತವ್ಯ.

ತಡವಾದರೆ ಯಾರಿಗೆ ಲಾಭ

ಆ ಕರ್ತವ್ಯ ತಪ್ಪಿದರೆ ಏನಾಗುತ್ತದೆಂಬುದನ್ನು ದಾಭೋಲ್ಕರ್ ಖಟ್ಲೆ ತೋರಿಸಿತು. ಕೊಲೆಯಾಗಿ ಹತ್ತು ವರ್ಷ ಮೀರಿದ ಮೇಲೆ, 2024ರ ಮೇ 10ರಂದು, ಪುಣೆಯ ಕೋರ್ಟು ಗುಂಡು ಹಾರಿಸಿದ ಇಬ್ಬರಿಗೆ ಜೀವಾವಧಿ ವಿಧಿಸಿತು. ಸಂಚಿನ ಮುಖ್ಯಸ್ಥನೆಂದು ಸಿಬಿಐ ಹೆಸರಿಸಿದ್ದವನೂ ಸೇರಿ ಮೂವರು ಸಾಕ್ಷ್ಯ ಸಾಲದೆ ಬಿಡುಗಡೆಯಾದರು. ಶಿಕ್ಷೆಯಾದ ಇಬ್ಬರ ಸ್ಥಿತಿಗತಿ ನೋಡಿದರೆ ಇದರ ಹಿಂದಿನ ತಲೆ ಬೇರೆ ಯಾರದೋ. ಅದನ್ನು ಪತ್ತೆ ಹಚ್ಚಲು ಪೋಲೀಸರಿಂದಲೂ ಸಿಬಿಐಯಿಂದಲೂ ಆಗಲಿಲ್ಲ ಎಂದು ನ್ಯಾಯಾಧೀಶರೇ ಬರೆದರು. ನಮ್ಮ ಹೋಟೆಲಿನ ಬೆಂಚಿನ ಮಾತು ತೀರ್ಪಿನಲ್ಲೇ ಸೇರಿದಂತಾಯಿತು: ಹೊಡೆದವರು ಸಿಕ್ಕರು, ಹೊಡೆಸಿದವರು ಸಿಕ್ಕಲಿಲ್ಲ.

ಗೌರಿ ಖಟ್ಲೆಯ ವಿಚಾರಣೆ ಆರಂಭವಾದದ್ದೇ 2022ರ ಜುಲೈಯಲ್ಲಿ. ಪಟ್ಟಿಯಲ್ಲಿ 527 ಸಾಕ್ಷಿಗಳು. 2023ರ ಡಿಸೆಂಬರ್‌ನಲ್ಲಿ ಒಬ್ಬ ಆರೋಪಿಗೆ ಹೈಕೋರ್ಟು ಜಾಮೀನು ಕೊಟ್ಟಾಗ ವಿಚಾರಣೆ ಮುಗಿದಿದ್ದುದು 90 ಮಂದಿಯದು. ಅವನು ಜೈಲಿನಲ್ಲಿ ಐದು ವರ್ಷ ಕಳೆದಿದ್ದ. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಆ ಜಾಮೀನನ್ನು ರದ್ದುಮಾಡಲು ಒಪ್ಪಲಿಲ್ಲ. ಒಬ್ಬರ ಹಿಂದೆ ಒಬ್ಬರು ಅದೇ ಬಾಗಿಲಿನಿಂದ ಹೊರಬಂದರು. 2025ರ ಜನವರಿಯ ಹೊತ್ತಿಗೆ ಬಂಧನವಾಗಿದ್ದವರೆಲ್ಲರಿಗೂ ಈ ಖಟ್ಲೆಯಲ್ಲಿ ಜಾಮೀನು ಆಗಿತ್ತು, ತೀರ್ಪು ಬಂದಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಹೊರಬಂದ ಇಬ್ಬರಿಗೆ ವಿಜಯಪುರದಲ್ಲಿ ಹಾರ ಹಾಕಿ ಸ್ವಾಗತಿಸಿದರು.

ಜಾಮೀನು ಕೊಟ್ಟ ನ್ಯಾಯಾಧೀಶರನ್ನು ನಾವು ದೂರುವುದಿಲ್ಲ. ತೀರ್ಪಿಲ್ಲದೆ ಮನುಷ್ಯನನ್ನು ಎಷ್ಟು ವರ್ಷವಾದರೂ ಕೂಡಿಹಾಕಬಹುದೆಂಬ ನಿಯಮ ಬಂದರೆ ಅದಕ್ಕೆ ಮೊದಲು ಬಲಿಯಾಗುವವನು ವಕೀಲನಿಗೆ ಹಣವಿಲ್ಲದ ಕೂಲಿಯವನು. ದೂರಬೇಕಾದದ್ದು ತಡವನ್ನು. ಸಾಕ್ಷಿಗಳ ವಿಚಾರಣೆ ಒಮ್ಮೆ ಆರಂಭವಾದರೆ ದಿನದಿಂದ ದಿನಕ್ಕೆ ಸತತವಾಗಿ ನಡೆಯಬೇಕೆಂದು ಕ್ರಿಮಿನಲ್ ಪ್ರಕ್ರಿಯಾ ಕಾಯಿದೆಯೇ ಹೇಳುತ್ತದೆ. ಅದು ಪುಸ್ತಕದಲ್ಲೇ ಉಳಿದಿದೆ. ತಡವಾದಷ್ಟೂ ಸಾಕ್ಷಿ ಮರೆಯುತ್ತಾನೆ, ಹೆದರುತ್ತಾನೆ, ಸಾಯುತ್ತಾನೆ. ನಿರಪರಾಧಿಯ ಹೆಂಡತಿ ಮಕ್ಕಳು ಬೀದಿಗೆ ಬೀಳುತ್ತಾರೆ. ಸಂಚಿನ ತಲೆಯಾದವನಿಗೆ ಮಾತ್ರ ತಡದಿಂದ ನಷ್ಟವಿಲ್ಲ.

ನಮ್ಮ ಬೇಡಿಕೆ, ನಮ್ಮ ಎಚ್ಚರ

ಸರ್ಕಾರದಿಂದ ನಾವು ಕೇಳುವುದು ಮೂರು. ಗೌರಿ, ಕಲಬುರ್ಗಿಯವರ ಖಟ್ಲೆಗಳಂಥವು ದಿನವಹಿ ನಡೆಯಲಿ. ಬೇಕಿಲ್ಲದ ಸಾಕ್ಷಿಗಳನ್ನು ಕೈಬಿಟ್ಟು ಸರ್ಕಾರಿ ವಕೀಲರು ಪಟ್ಟಿಯನ್ನು ಚಿಕ್ಕದು ಮಾಡಲಿ. ಸುಪ್ರೀಂ ಕೋರ್ಟು 2018ರ ಡಿಸೆಂಬರ್‌ನಲ್ಲಿ ಒಪ್ಪಿದ ಸಾಕ್ಷಿಗಳ ರಕ್ಷಣೆಯ ಯೋಜನೆ ಹಳ್ಳಿಯ ಸಾಕ್ಷಿಗೂ ನಿಜವಾಗಿ ಸಿಕ್ಕಲಿ. ಆರೋಪಿಗೆ ಹಾರ ಬೀಳುವ ಊರಿನಲ್ಲಿ ಸಾಕ್ಷಿ ಹೇಳುವವನ ಬೆನ್ನಿಗೆ ಯಾರಾದರೂ ಇರಲೇಬೇಕು.

ನಾವೂ ಎಚ್ಚರವಿರಬೇಕು. ಅಂಗಡಿಯವರು ಸಿಮ್ ಮಾರುವಾಗ, ಮನೆಯವರು ಕೋಣೆ ಕೊಡುವಾಗ ಗುರುತಿನ ಚೀಟಿ, ರಸೀತಿ, ಕರಾರು ಇಟ್ಟುಕೊಳ್ಳಲಿ. “ನನಗೆ ತಿಳಿದಿರಲಿಲ್ಲ” ಎಂಬ ಮಾತಿಗೆ ಬೆನ್ನೆಲುಬು ಆ ಕಾಗದವೇ. ಪೋಲೀಸರು ಬರೆದುಕೊಳ್ಳುವ ಸಾಕ್ಷಿಯ ಹೇಳಿಕೆಗೆ ರುಜು ಬೇಕಿಲ್ಲ. ಬರಿ ಕಾಗದಕ್ಕಂತೂ ಎಂದೂ ರುಜು ಹಾಕಬೇಡಿ. ದಸ್ತಗಿರಿಯಾದರೆ ಕಾರಣ ಕೇಳುವುದು, ವಕೀಲನನ್ನು ಕಾಣುವುದು, ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುವುದು ಸಂವಿಧಾನದ 22ನೆಯ ವಿಧಿ ಕೊಟ್ಟ ಹಕ್ಕು. ವಕೀಲನಿಗೆ ಹಣವಿಲ್ಲವೆಂದು ಕೈಕಟ್ಟಿ ಕೂಡಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಕೈಗಾರಿಕೆಯ ಕೆಲಸಗಾರರು, ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು ವರಮಾನದ ಲೆಕ್ಕವಿಲ್ಲದೆ ಉಚಿತ ವಕೀಲರನ್ನು ಕೇಳಬಹುದು. ತಾಲ್ಲೂಕಿನ ಕೋರ್ಟಿನಲ್ಲೇ ಇದಕ್ಕೆ ಸಮಿತಿಯಿದೆ. ಈ ಸುದ್ದಿಯನ್ನು ಗಿರಣಿಯ ಬಾಗಿಲಲ್ಲಿ, ಸಂತೆಯಲ್ಲಿ ನಾಲ್ಕು ಜನಕ್ಕೆ ಹೇಳಿ.

ಕೊನೆಯದಾಗಿ ಒಂದು ಮಾತು. ನಿಮ್ಮ ಊರಿನಲ್ಲಿ ಯಾರೋ ಒಬ್ಬ ದೊಡ್ಡ ಮನುಷ್ಯ ಒಬ್ಬ ಬಡ ಹುಡುಗನನ್ನು ಕರೆದು “ಒಂದು ಕೆಲಸವಿದೆ, ಯಾತಕ್ಕೆಂದು ಕೇಳಬೇಡ” ಎಂದರೆ ಆ ಹುಡುಗ ಕೇಳಲೇಬೇಕು. ಉತ್ತರ ಸಿಕ್ಕದಿದ್ದರೆ ಎದ್ದು ಬರಬೇಕು. ಹಾಗೆ ಎದ್ದು ಬಂದವನ ಕೆಲಸ ಹೋದರೆ ಅವನ ಹಿಂದೆ ನಿಲ್ಲುವುದು ಸಂಘದ ಹೊಣೆ.